ಒಂದೇ ನಿಯಮವನ್ನು ಐದು ಟೇಬಲ್‌ಗಳಲ್ಲಿ ಬರೆಯಬೇಕಾ?

ಪ್ರಶ್ನೆ: ಶಿರಸಿ ಹತ್ತಿರದ ಒಂದು ಸಹಕಾರಿ ಸಂಘಕ್ಕೆ ಸಾಫ್ಟ್‌ವೇರ್ ಮಾಡುತ್ತಿದ್ದೇನೆ. ಡೇಟಾಬೇಸ್ ಪೋಸ್ಟ್‌ಗ್ರೆಸ್. ಸದಸ್ಯರು, ಅಡಿಕೆ ವಿಕ್ರಿ, ಸಾಲ, ಬಾಡಿಗೆ ಲಾರಿ, ಸಿಬ್ಬಂದಿ ಹೀಗೆ ಐದು ಟೇಬಲ್‌ಗಳಲ್ಲಿ ಐಎಫ್‌ಎಸ್‌ಸಿ ಕೋಡ್ ಇದೆ. ಕೋಡ್ ಹೇಗಿರಬೇಕು ಅನ್ನುವ ಅದೇ ನಿಯಮವನ್ನು ಪ್ರತಿ ಟೇಬಲ್‌ನಲ್ಲೂ ಮತ್ತೆ ಮತ್ತೆ ಬರೆಯಬೇಕಾ? ಅಡಿಕೆಯ ನಮೂನೆಗಳಿಗೂ ನಮ್ಮದೇ ಟೈಪ್ (ಕಾಲಂನಲ್ಲಿ ಎಂಥ ಮಾಹಿತಿ ಇರಬಹುದು ಅನ್ನುವ ಬಗೆ) ಮಾಡಬಹುದಾ?

ಉತ್ತರ: ಮೊದಲನೆಯದಕ್ಕೆ ಬೇಡ. ಎರಡನೆಯದಕ್ಕೆ ಮಾಡಬಹುದು, ಆದರೆ ಮಾಡಬೇಡಿ.

ನಿಮಗೆ ಬೇಕಾಗಿರುವುದು ಡೊಮೈನ್. ಇರುವ ಒಂದು ಟೈಪ್‌ಗೆ ನಿಮ್ಮದೇ ಹೆಸರು ಕೊಟ್ಟು, ಅದರ ಜೊತೆಗೆ ನಿಯಮವನ್ನೂ ಕಟ್ಟಿಡುವುದು. ಡೇಟಾಬೇಸ್ ಭಾಷೆ ಎಸ್‌ಕ್ಯೂಎಲ್‌ನ 1992ರ ಸ್ಟ್ಯಾಂಡರ್ಡ್‌ನಲ್ಲೇ ಇದು ಇತ್ತು. ಪೋಸ್ಟ್‌ಗ್ರೆಸ್‌ಗೆ 2002ರ 7.3 ಆವೃತ್ತಿಯಲ್ಲಿ ಬಂತು. 'ಕ್ರಿಯೇಟ್ ಡೊಮೈನ್' ಅಂತ ಒಮ್ಮೆ ಬರೆದರೆ, ಐದೂ ಟೇಬಲ್‌ಗಳಲ್ಲಿ ಕಾಲಂನ ಟೈಪ್ ಜಾಗದಲ್ಲಿ ಆ ಹೆಸರು ಹಾಕಿದರೆ ಸಾಕು. ಜಾಸ್ತಿ ಜಾಗ ಏನೂ ಹಿಡಿಯುವುದಿಲ್ಲ. ಡಿಸ್ಕ್‌ನಲ್ಲಿ ಅದು ಮಾಮೂಲಿ ಟೆಕ್ಸ್ಟ್ ಅಷ್ಟೇ.

ಐಎಫ್‌ಎಸ್‌ಸಿ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಒಟ್ಟು 11 ಅಕ್ಷರ. ಮೊದಲ ನಾಲ್ಕು ಬ್ಯಾಂಕಿನ ಗುರುತು, ಇಂಗ್ಲಿಷಿನ ದೊಡ್ಡಕ್ಷರಗಳು. ಐದನೆಯದು ಯಾವಾಗಲೂ ಸೊನ್ನೆ. ಉಳಿದ ಆರು ಶಾಖೆಯ ಗುರುತು. ಜಾಸ್ತಿ ತಪ್ಪಾಗುವುದು ಆ ಐದನೆಯ ಜಾಗದಲ್ಲೇ. ಪಾಸ್‌ಬುಕ್ ನೋಡಿಕೊಂಡು ಟೈಪ್ ಮಾಡುವವರು ಸೊನ್ನೆಯ ಬದಲು 'ಓ' ಒತ್ತಿಬಿಡುತ್ತಾರೆ. ಸ್ಕ್ರೀನ್ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಹಣ ಕಳಿಸುವ ದಿನ ತನಕ ಯಾರಿಗೂ ಗೊತ್ತಾಗುವುದಿಲ್ಲ. ಡೊಮೈನ್ ಇದ್ದರೆ ಆ ಕೋಡ್ ಒಳಗೇ ಬರುವುದಿಲ್ಲ, ಟೈಪ್ ಮಾಡಿದವರು ಕೂತಿರುವಾಗಲೇ ಎರರ್ ಬರುತ್ತದೆ. ನಿಯಮದಲ್ಲಿ ಕೋಡ್‌ನ ರೂಪ ಹೇಳುವ ಪ್ಯಾಟರ್ನ್ ಬರೆಯುವಾಗ ಶುರುವಿನ ಗುರುತು, ಕೊನೆಯ ಗುರುತು ಎರಡನ್ನೂ ಹಾಕಿ. ಇಲ್ಲದಿದ್ದರೆ ಎಕ್ಸೆಲ್‌ನಿಂದ ಕಾಪಿ ಮಾಡಿದಾಗ ಕೊನೆಯಲ್ಲಿ ಅಂಟಿಕೊಂಡು ಬರುವ ಖಾಲಿ ಜಾಗವೂ ಸುಮ್ನೆ ಒಳಗೆ ಸೇರಿಬಿಡುತ್ತದೆ.

ಡೊಮೈನ್‌ನ ಬುಡದ ಟೈಪ್ ಅನ್ನು ವಾರ್‌ಚಾರ್ 11 (ಹೆಚ್ಚೆಂದರೆ 11 ಅಕ್ಷರದ ಟೆಕ್ಸ್ಟ್) ಅಂತ ಇಡಬೇಡಿ. ಟೆಕ್ಸ್ಟ್ ಇಡಿ, ಉದ್ದದ ಲೆಕ್ಕವನ್ನು ನಿಯಮಕ್ಕೇ ಬಿಡಿ. ನಿಯಮವನ್ನು ತೆಗೆದು ಹೊಸದು ಹಾಕಬಹುದು, ಆದರೆ ಬುಡದ ಟೈಪ್ ಬದಲಿಸಲು ಡೊಮೈನ್ ತಿದ್ದುವ 'ಆಲ್ಟರ್ ಡೊಮೈನ್' ಆದೇಶದಲ್ಲಿ ದಾರಿಯೇ ಇಲ್ಲ. ನಿಯಮಕ್ಕೂ ಅರ್ಥವಾಗುವಂಥ ಹೆಸರು ಕೊಡಿ, ಎರರ್‌ನಲ್ಲಿ ಕಾಣುವುದು ಅದೇ. ಪೋಸ್ಟ್‌ಗ್ರೆಸ್‌ನಲ್ಲಿ ಹೆಸರನ್ನು ಕನ್ನಡದಲ್ಲೂ ಇಡಬಹುದು. ಒಂದು ಹೆಸರಿಗೆ 63 ಬೈಟ್ ಮಿತಿ, ಕನ್ನಡದ ಪ್ರತಿ ಅಕ್ಷರಕ್ಕೂ ಪ್ರತಿ ಗುಣಿತದ ಚಿಹ್ನೆಗೂ ಮೂರು ಮೂರು ಬೈಟ್ ಹೋಗುತ್ತದೆ. ಹಾಗಾಗಿ ಹೆಸರು ಚಿಕ್ಕದಿರಲಿ.

'ಖಾಲಿ ಬಿಡುವಂತಿಲ್ಲ' ಅನ್ನುವ ನಿಯಮವನ್ನು ಡೊಮೈನ್ ಒಳಗೆ ಹಾಕಬೇಡಿ, ಕಾಲಂನಲ್ಲಿ ಹಾಕಿ. ಸಿಬ್ಬಂದಿಗೆ ಖಾತೆ ಇರಲೇಬೇಕು, ಎಲ್ಲ ಸದಸ್ಯರಿಗೂ ಇರಬೇಕೆಂದಿಲ್ಲ. ಅಲ್ಲದೆ ಲೆಫ್ಟ್ ಜಾಯಿನ್ ಮಾಡಿದಾಗ (ಎರಡು ಟೇಬಲ್ ಜೋಡಿಸಿ, ಎರಡನೆಯದರಲ್ಲಿ ಜೋಡಿ ಸಿಗದ ಸಾಲುಗಳನ್ನೂ ಉಳಿಸಿಕೊಂಡಾಗ), ಖಾಲಿ ಬಿಡಬಾರದು ಎಂದ ಡೊಮೈನ್‌ನಲ್ಲೂ ನಲ್, ಅಂದರೆ ಖಾಲಿ, ಬಂದು ಕೂರುತ್ತದೆ.

ಇದರಿಂದ ಕೋಡ್‌ನ ರೂಪ ಸರಿ ಇದೆಯಾ ಅಂತ ಮಾತ್ರ ಗೊತ್ತಾಗುತ್ತದೆ. ನಮ್ಮ ಕರಾವಳಿಯಲ್ಲಿ ಸಿಂಡಿಕೇಟ್ ಬ್ಯಾಂಕ್ ಖಾತೆ ಇದ್ದವರು ಬಹಳ ಜನ, ಅಲ್ವಾ? ಆ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಅದರ ಹಳೆಯ ಐಎಫ್‌ಎಸ್‌ಸಿ ಕೋಡ್‌ಗಳು 2021ರ ಜುಲೈಯಿಂದ ನಡೆಯುವುದಿಲ್ಲ. ಆದರೆ ಡೊಮೈನ್ ಅವನ್ನು ಇವತ್ತೂ ಒಪ್ಪುತ್ತದೆ, ಯಾಕೆಂದರೆ ರೂಪದಲ್ಲಿ ತಪ್ಪಿಲ್ಲ. ಕೋಡ್ ಚಾಲ್ತಿಯಲ್ಲಿದೆಯಾ ಅಂತ ನೋಡಲು ಶಾಖೆಗಳದ್ದೇ ಒಂದು ಟೇಬಲ್ ಬೇಕು, ಅದಕ್ಕೆ ಫಾರಿನ್ ಕೀ (ಆ ಟೇಬಲ್‌ನಲ್ಲಿರುವ ಕೋಡ್ ಮಾತ್ರ ಒಪ್ಪುವ ಕೊಂಡಿ) ಕಟ್ಟಬೇಕು. ಡೊಮೈನ್ ನಿಯಮದೊಳಗೆ ಇನ್ನೊಂದು ಟೇಬಲ್ ನೋಡಿ ಬರುವ ಕ್ವೆರಿ ಬರೆಯಲು ಆಗುವುದಿಲ್ಲ. ಫಂಕ್ಷನ್ ಮೂಲಕ ಕದ್ದು ಸೇರಿಸುವವರಿದ್ದಾರೆ, ಬ್ಯಾಕಪ್‌ನಿಂದ ಡೇಟಾ ವಾಪಸ್ ತರುವಾಗ ಅದು ಕೈಕೊಡಬಹುದು.

ಪಿನ್ ಕೋಡ್‌ಗೂ ಡೊಮೈನ್ ಮಾಡಿ: ಆರು ಅಂಕಿ, ಮೊದಲನೆಯದು ಸೊನ್ನೆ ಅಲ್ಲ. ಶಿರಸಿ 581401, ಕಾರವಾರ 581301 ಅಂತ ನೋಡಿ '581ರಿಂದಲೇ ಶುರುವಾಗಬೇಕು' ಎಂದು ಬಿಗಿ ಮಾಡಬೇಡಿ. ಬೆಂಗಳೂರಿನಲ್ಲಿರುವ ಸದಸ್ಯರ ವಿಳಾಸ ಬಂದ ದಿನವೇ ಆ ನಿಯಮ ಮುರಿಯುತ್ತದೆ.

ಈಗ ಅಡಿಕೆಗೆ ಬರೋಣ. ರಾಶಿ, ಚಾಲಿ, ಬೆಟ್ಟೆ, ಬಿಳಿಗೋಟು, ಕೆಂಪುಗೋಟು ಅಂತ ಪಟ್ಟಿ ನೋಡಿದ ಕೂಡಲೇ ಎನಮ್ ಟೈಪ್ (ಮೊದಲೇ ಬರೆದಿಟ್ಟ ಹೆಸರುಗಳನ್ನಷ್ಟೇ ಒಪ್ಪುವ ಟೈಪ್) ಮಾಡೋಣ ಅನ್ನಿಸುತ್ತದೆ. ಪೋಸ್ಟ್‌ಗ್ರೆಸ್ ಎನಮ್‌ಗೆ ಹೊಸ ಹೆಸರು ಸೇರಿಸಬಹುದು, ಇರುವ ಹೆಸರು ತಿದ್ದಬಹುದು, ಆದರೆ ತೆಗೆಯಲು ಆಗುವುದಿಲ್ಲ. ಇಲ್ಲಿನ ವ್ಯಾಪಾರ ಹಾಗೆ ನಿಂತ ನೀರಲ್ಲ. ನಾಳೆ ಕುಮಟಾ ಮಾರುಕಟ್ಟೆಯ ದರವೂ ಬೇಕೆಂದರೆ ಕೋಕಾ, ಚಿಪ್ಪು, ಫ್ಯಾಕ್ಟರಿ ಎಲ್ಲ ಸೇರುತ್ತವೆ. ಈ ವರ್ಷದ ಹೊಸ ಚಾಲಿಯೇ ಮುಂದೆ ಹಳೆ ಚಾಲಿ ಆಗುತ್ತದೆ. ಪ್ರತಿ ನಮೂನೆಗೂ ದಿನದ ದರ ಇರುತ್ತದೆ, ಯಾವ ಮಾರುಕಟ್ಟೆ ಅನ್ನುವುದೂ ಬೇಕು. ಇದು ಟೈಪ್ ಅಲ್ಲ, ಡೇಟಾ. ಒಂದು ಟೇಬಲ್ ಮಾಡಿ. ಕಚೇರಿಯವರೇ ಒಂದು ಸಾಲು ಸೇರಿಸಿಕೊಳ್ಳುತ್ತಾರೆ, ಪ್ರತಿ ಸಲ ನಿಮಗೆ ಫೋನ್ ಬರುವುದಿಲ್ಲ. ಎನಮ್ ಅನ್ನು ವೋಚರ್‌ನ 'ಕರಡು, ಮಂಜೂರು, ರದ್ದು' ಎಂಬಂಥ, ನಿಮ್ಮ ಪ್ರೋಗ್ರಾಂನದ್ದೇ ಆದ ಹಂತಗಳಿಗೆ ಇಟ್ಟುಕೊಳ್ಳಿ.

ತೂಕಕ್ಕೆ ಒಂದು, ದರಕ್ಕೆ ಒಂದು ಡೊಮೈನ್ ಮಾಡುವುದು ಒಳ್ಳೆಯದೇ. ಆದರೆ ಕ್ವಿಂಟಲ್ ತೂಕಕ್ಕೆ ರೂಪಾಯಿ ದರವನ್ನು ಕೂಡಿಸಿದರೆ ಪೋಸ್ಟ್‌ಗ್ರೆಸ್ ತಡೆಯುವುದಿಲ್ಲ. ಲೆಕ್ಕದ ಹೊತ್ತಿಗೆ ಎರಡೂ ಬರೀ ಸಂಖ್ಯೆಗಳಾಗಿಬಿಡುತ್ತವೆ.

ಬೇರೆ ಡೇಟಾಬೇಸ್‌ಗೆ ಹೋಗುವ ಯೋಚನೆ ಇದ್ದರೆ ಮೊದಲೇ ನೋಡಿಕೊಳ್ಳಿ. ಮೈಎಸ್‌ಕ್ಯೂಎಲ್‌ನಲ್ಲಿ ಡೊಮೈನ್ ಇಲ್ಲ, ಚೆಕ್ ನಿಯಮ (ನಾವು ಇಷ್ಟು ಹೊತ್ತು ರೂಪಕ್ಕೆ ಹಾಕಿದ ಥರದ ನಿಯಮ) ಕೂಡ 8.0.16ರಿಂದ ಮಾತ್ರ ನಿಜವಾಗಿ ಕೆಲಸ ಮಾಡುತ್ತದೆ. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಟೈಪ್‌ಗೆ ಹೆಸರು, ಉದ್ದ ಕೊಡಬಹುದು, ಚೆಕ್ ಕಟ್ಟಲು ಆಗದು. ಒರಾಕಲ್‌ನಲ್ಲಿ 23ನೇ ಆವೃತ್ತಿಯಿಂದ ಡೊಮೈನ್ ಇದೆ.

ನಿಮ್ಮ ಟೇಬಲ್‌ಗಳಲ್ಲಿ ಆಗಲೇ ಡೇಟಾ ತುಂಬಿದ್ದರೆ ಹೀಗೆ ಮಾಡಿ. ನಿಯಮ ಇಲ್ಲದೆ ಡೊಮೈನ್ ಮಾಡಿ, ಐದೂ ಕಾಲಂಗಳನ್ನು ಅದಕ್ಕೆ ಬದಲಿಸಿ. ಆಮೇಲೆ 'ನಾಟ್ ವ್ಯಾಲಿಡ್' ಸೇರಿಸಿ ನಿಯಮ ಹಾಕಿ. ಆ ಕ್ಷಣದಿಂದ ಹೊಸ ಕೋಡ್‌ಗಳಿಗೆ ತಪಾಸಣೆ ಶುರು, ಹಳೆಯವು ಇದ್ದ ಹಾಗೇ ಇರುತ್ತವೆ. ತಪ್ಪಿರುವ ಸಾಲುಗಳ ಪಟ್ಟಿ ತೆಗೆದು ಕಚೇರಿಗೆ ಕೊಡಿ, ಅವರು ಪಾಸ್‌ಬುಕ್ ನೋಡಿ ತಿದ್ದಲಿ. ಎಲ್ಲ ಮುಗಿದ ಮೇಲೆ, ಹಳೆಯವನ್ನೂ ತಪಾಸಣೆ ಮಾಡುವ 'ವ್ಯಾಲಿಡೇಟ್ ಕನ್‌ಸ್ಟ್ರೇಂಟ್' ಓಡಿಸಿ. ಎಲ್ಲಾದರೂ ಒಂದು ತಪ್ಪು ಉಳಿದಿದ್ದರೆ ಯಾವ ಟೇಬಲ್, ಯಾವ ಕಾಲಂ ಅಂತ ಅದೇ ಹೇಳುತ್ತದೆ.