ಎಷ್ಟು ಹಾಕಿದಾಗ ಸತ್ತವು?

ಕರ್ಕ್ಯುಮಿನ್ ಪ್ಯಾಂಕ್ರಿಯಾಸ್ (ಮೇದೋಜೀರಕ ಗ್ರಂಥಿ) ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತದೆ ಎಂಬ ಸುದ್ದಿಯನ್ನು ಮೊಬೈಲಿನಲ್ಲಿ ನನಗೆ ತೋರಿಸದ ರೋಗಿಯ ಕುಟುಂಬವೇ ಅಪರೂಪ. ಸುದ್ದಿ ಸುಳ್ಳಲ್ಲ. ಲ್ಯಾಬ್‌ನಲ್ಲಿ ಬೆಳೆಸಿದ ಪ್ಯಾಂಕ್-1, ಬಿಎಕ್ಸ್‌ಪಿಸಿ-3 ಎಂಬ ಪ್ಯಾಂಕ್ರಿಯಾಸ್ ಕ್ಯಾನ್ಸರ್ ಕೋಶಗಳಿಗೆ ಅರಿಶಿನದ ಈ ಹಳದಿ ಅಂಶವನ್ನು ಹಾಕಿದರೆ ಕ್ಯಾನ್ಸರ್ ಕೋಶಗಳು ಬದುಕಿ ಬೆಳೆಯಲು ನೆರವಾಗುವ ಎನ್‌ಎಫ್-ಕಪ್ಪಾ-ಬಿ ಎಂಬ ಪ್ರೋಟೀನಿನ ಆಟ ತಗ್ಗುತ್ತದೆ. ಬೆಳವಣಿಗೆ ಕುಗ್ಗುತ್ತದೆ, ಕೋಶಗಳು ಸಾಯುತ್ತವೆ.

ಆದರೆ ಎಷ್ಟು ಹಾಕಿದಾಗ? ಇದನ್ನು ಮಾತ್ರ ಯಾರೂ ಕೇಳುವುದಿಲ್ಲ.

ಕೋಶ ಬೆಳೆಸುವ ಲ್ಯಾಬ್ ತಟ್ಟೆಯಲ್ಲಿ ಸಾಮಾನ್ಯವಾಗಿ 10 ಮೈಕ್ರೊಮೋಲಾರ್ ಅಥವಾ ಅದಕ್ಕಿಂತ ಜಾಸ್ತಿ ಬಳಸುತ್ತಾರೆ. ಅಂದರೆ ಒಂದು ಮಿಲಿಲೀಟರ್ ದ್ರವದಲ್ಲಿ ಸುಮಾರು 3,700 ನ್ಯಾನೊಗ್ರಾಂ. ಈಗ ಮನುಷ್ಯರ ಲೆಕ್ಕ ನೋಡಿ. 2008ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಇದೇ ಕ್ಯಾನ್ಸರಿನ ರೋಗಿಗಳು ದಿನಕ್ಕೆ 8 ಗ್ರಾಂ ಕರ್ಕ್ಯುಮಿನ್ ನುಂಗಿದರು. ರಕ್ತದಲ್ಲಿ ಸಿಕ್ಕಿದ್ದು ಮಿಲಿಲೀಟರಿಗೆ 22ರಿಂದ 41 ನ್ಯಾನೊಗ್ರಾಂ. ತಟ್ಟೆಯ ಪ್ರಮಾಣದ ನೂರನೇ ಒಂದು ಭಾಗದ ಆಸುಪಾಸು! ಹೊಟ್ಟೆಗೆ ಹೋದದ್ದರಲ್ಲಿ ರಕ್ತಕ್ಕೆ ಸೇರುವುದೇ ಕಡಿಮೆ. ಸೇರಿದ್ದನ್ನೂ ಕರುಳು, ಲಿವರ್ ಬೇಗ ಬೇರೆ ರೂಪಕ್ಕೆ ತಿರುಗಿಸಿ ಹೊರಹಾಕುತ್ತವೆ. ಆ ಅಧ್ಯಯನದಲ್ಲಿ ಒಂದಿಬ್ಬರಿಗೆ ಸ್ವಲ್ಪ ಪ್ರಯೋಜನ ಕಂಡಿತು. ಹಾಗಾಗಿ ಬಾಗಿಲು ಪೂರ್ತಿ ಮುಚ್ಚಿದೆ ಎನ್ನಲಾರೆ. ಆದರೆ ಅಷ್ಟರಿಂದಲೇ ಇದನ್ನು ಚಿಕಿತ್ಸೆ ಎನ್ನಲೂ ಆಗದು.

ತಟ್ಟೆಯಲ್ಲಿ ಕೋಶಗಳು ಬಯಲಲ್ಲಿರುತ್ತವೆ, ಹಾಕಿದ್ದೆಲ್ಲ ನೇರ ತಾಗುತ್ತದೆ. ದೇಹದೊಳಗೆ ಈ ಗಡ್ಡೆಯ ಸುತ್ತ ಗಟ್ಟಿ ನಾರಿನ ಹೊದಿಕೆ ಇರುತ್ತದೆ, ರಕ್ತನಾಳಗಳೂ ಕಡಿಮೆ. ರಕ್ತದಲ್ಲಿರುವ ಔಷಧಿಯೂ ಒಳಗೆ ಸರಿಯಾಗಿ ಇಳಿಯುವುದಿಲ್ಲ.

ಒಮ್ಮೆ ಒಬ್ಬ ಮಗಳು ಕೇಳಿದಳು: "ಡಾಕ್ಟ್ರೇ, ಅಮ್ಮನಿಗೆ ಕೀಮೋ ಸುಸ್ತು ಜಾಸ್ತಿ. ಒಂದು ತಿಂಗಳು ಬರೀ ಈ ಕರ್ಕ್ಯುಮಿನ್ ಮಾತ್ರೆ ಕೊಟ್ಟು ನೋಡೋಣ, ಆಗಲ್ವಾ?" ಅವಳ ಮೇಲೆ ನನಗೆ ಕೋಪ ಬರಲಿಲ್ಲ. ಅಮ್ಮನ ಸಂಕಟ ನೋಡಲಾರದೆ ಕೇಳಿದ ಮಾತು ಅದು. ನನಗೆ ಸಿಟ್ಟು ಬರುವುದು ಪ್ರಮಾಣವನ್ನು ಹೇಳದೆ ತಲೆಬರಹ ಕೊಡುವವರ ಮೇಲೆ. ಈ ಕಾಯಿಲೆಯಲ್ಲಿ ಒಂದು ತಿಂಗಳು ಸಣ್ಣ ಕಾಲವಲ್ಲ. ಕೀಮೋ ಪ್ರಮಾಣ ಇಳಿಸಬಹುದು, ಅಂತರ ಹೆಚ್ಚಿಸಬಹುದು, ಸುಸ್ತಿಗೆ ಕಾರಣ ಹುಡುಕಬಹುದು. ಅವಳಿಗೂ ಅದನ್ನೇ ಹೇಳಿದೆ.

ಈಗಾಗಲೇ ಮಾತ್ರೆ ತಗೊಳ್ಳುತ್ತಿದ್ದರೆ ಮುಚ್ಚಿಡಬೇಡಿ, ನಾವು ಬೈಯುವುದಿಲ್ಲ. ಹೀರಿಕೆ ಹೆಚ್ಚಲೆಂದು ಅನೇಕ ಮಾತ್ರೆಗಳಲ್ಲಿ ಕರಿಮೆಣಸಿನ ಪೈಪರಿನ್ ಸೇರಿಸಿರುತ್ತಾರೆ. ಅದು ಬೇರೆ ಔಷಧಿಗಳ ಮಟ್ಟವನ್ನೂ ಏರಿಸಬಹುದು. ಇಂಥ ಮಾತ್ರೆಗಳಿಂದ ಕೆಲವರ ಲಿವರ್‌ಗೆ ಪೆಟ್ಟಾದ ವರದಿಗಳೂ ಇವೆ. ಮುಂದಿನ ಸಲ ಬರುವಾಗ ಡಬ್ಬಿಯನ್ನೇ ತನ್ನಿ, ಲೇಬಲ್ ಒಟ್ಟಿಗೆ ಓದೋಣ.