ಒಂದೇ ವಂಶವಾಹಿ, ಹೃದಯಕ್ಕೊಂದು ಲೆಕ್ಕ, ಕಿವಿಗೊಂದು ಲೆಕ್ಕ: ಕೆಸಿಎನ್‌ಕ್ಯೂ1 ಕುರಿತ ಅಧ್ಯಯನ ಟಿಪ್ಪಣಿ

ಕಳೆದ ಆಂತರಿಕ ಪರೀಕ್ಷೆಯಲ್ಲಿ ಜರ್ವೆಲ್–ಲಾಂಗೆ-ನೀಲ್ಸನ್ ಸಿಂಡ್ರೋಮ್ ಮತ್ತು ರೊಮಾನೊ–ವಾರ್ಡ್ ಸಿಂಡ್ರೋಮ್‌ಗಳನ್ನು ಹೋಲಿಸಿ ಬರೆಯುವ ಪ್ರಶ್ನೆ ಬಂದಿತ್ತು. ಎರಡೂ ಹೃದಯ ಬಡಿತದ ಲಯ ತಪ್ಪಿಸುವ ಆನುವಂಶಿಕ ಕಾಯಿಲೆಗಳು. ಮೊದಲನೆಯದು ದುರ್ಬಲ ಗುಣವಾಗಿ (ವಂಶವಾಹಿಯ ಎರಡೂ ಪ್ರತಿಗಳು, ತಂದೆಯದೂ ತಾಯಿಯದೂ, ಕೆಟ್ಟರೆ ಮಾತ್ರ) ಹರಿದುಬರುತ್ತದೆ, ಎರಡನೆಯದು ಪ್ರಬಲ ಗುಣವಾಗಿ (ಒಂದು ಪ್ರತಿ ಕೆಟ್ಟರೂ ಸಾಕು). ಮೊದಲನೆಯದರಲ್ಲಿ ಹುಟ್ಟುಕಿವುಡಿದೆ, ಎರಡನೆಯದರಲ್ಲಿ ಇಲ್ಲ. ಹೀಗಿರುವಾಗ ಎರಡಕ್ಕೂ ಬೇರೆ ಬೇರೆ ವಂಶವಾಹಿಗಳೇ ಕಾರಣವಾಗಿರಬೇಕೆಂದು ನಾನು ಧೈರ್ಯವಾಗಿ ಬರೆದೆ, ಅಂಕ ಕಳೆದುಕೊಂಡೆ. ಕೆಸಿಎನ್‌ಕ್ಯೂ1 ಎಂಬ ಒಂದೇ ವಂಶವಾಹಿ ಎರಡನ್ನೂ ಉಂಟುಮಾಡಬಲ್ಲದು. ಅದು ಹೇಗೆ ಸಾಧ್ಯ ಎಂಬುದನ್ನು ಮಡಿಕೇರಿಯ ಈ ಮಳೆಗಾಲದ ಎರಡು ವಾರಗಳಲ್ಲಿ ಬಿಡಿಸಿಕೊಂಡೆ. ಮರೆಯುವ ಮುನ್ನ ಬರೆದಿಡುತ್ತಿದ್ದೇನೆ. ಇದೇ ಜಾಗದಲ್ಲಿ ಎಡವಿದ ಸಹಪಾಠಿಗಳಿಗೂ ಉಪಯೋಗವಾಗಬಹುದು.

ರಚನೆ

ಈ ವಂಶವಾಹಿ 11ನೆಯ ವರ್ಣತಂತುವಿನ ಗಿಡ್ಡ ತೋಳಿನ ತುದಿಯ ಬಳಿ ಇದೆ. 1996ರಲ್ಲಿ ಇದನ್ನು ಗುರುತಿಸಿದಾಗ ಬೇರೆ ಹೆಸರಿತ್ತು. ಹಳೆಯ ಪುಸ್ತಕಗಳಲ್ಲಿ ಕೆವಿಎಲ್‌ಕ್ಯೂಟಿ1 ಎಂದು ಕಂಡರೆ ಅದು ಇದೇ. ಇದರಿಂದ ತಯಾರಾಗುವ ಪ್ರೋಟೀನಿನಲ್ಲಿ 676 ಅಮೈನೋ ಆಮ್ಲಗಳಿದ್ದು, ಅದು ಜೀವಕೋಶದ ಪೊರೆಯನ್ನು ಆರು ಬಾರಿ ಹಾಯುತ್ತದೆ. ನಾಲ್ಕನೆಯ ಹಾಯುವಿಕೆ ವೋಲ್ಟೇಜನ್ನು ಗ್ರಹಿಸುತ್ತದೆ. ಐದು ಮತ್ತು ಆರನೆಯವು ಸೇರಿ ರಂಧ್ರದ ಗೋಡೆಯಾಗುತ್ತವೆ. ಒಂದು ಪ್ರೋಟೀನು ಒಂದು ಚಾನೆಲ್ (ಪೊರೆಯ ಮೂಲಕ ಅಯಾನುಗಳು ಹಾಯುವ ದಾರಿ) ಅಲ್ಲ, ಕಾಲು ಚಾನೆಲ್ ಮಾತ್ರ. ಇಂತಹ ನಾಲ್ಕು ತುಂಡುಗಳು ಒಟ್ಟುಗೂಡಿ ನಡುವೆ ಒಂದು ರಂಧ್ರವನ್ನು ಬಿಟ್ಟುಕೊಂಡಾಗ ಪೊಟ್ಯಾಸಿಯಂ ಚಾನೆಲ್ ಪೂರ್ಣವಾಗುತ್ತದೆ. ಈ ‘ನಾಲ್ಕು’ ಎಂಬ ಸಂಖ್ಯೆಯನ್ನು ದಯವಿಟ್ಟು ನೆನಪಿಡಿ, ನನ್ನ ಇಡೀ ಗೊಂದಲ ಬಗೆಹರಿದದ್ದು ಅದರಿಂದಲೇ.

ಹೃದಯದಲ್ಲೂ ಒಳಕಿವಿಯಲ್ಲೂ ಇದಕ್ಕೆ ಕೆಸಿಎನ್‌ಇ1 ಎಂಬ ವಂಶವಾಹಿಯ ಪುಟ್ಟ ಪ್ರೋಟೀನು, ಕೇವಲ 129 ಅಮೈನೋ ಆಮ್ಲಗಳದ್ದು, ಜೊತೆಗೂಡುತ್ತದೆ. ಜೊತೆಗಾರ ಇಲ್ಲದಿದ್ದರೆ ಚಾನೆಲ್ ಬೇಗ ತೆರೆದು ಸಣ್ಣ ಪ್ರವಾಹವನ್ನು ಬಿಡುತ್ತದೆ. ಜೊತೆಗಾರ ಇದ್ದರೆ ನಿಧಾನವಾಗಿ ತೆರೆದು ದೊಡ್ಡ ಪ್ರವಾಹವನ್ನು ಬಿಡುತ್ತದೆ.

ಹೃದಯದಲ್ಲಿ

ಹೃತ್ಕುಕ್ಷಿಯ ಸ್ನಾಯುಕೋಶದ ಒಳಗೆ ಪೊಟ್ಯಾಸಿಯಂ ಲೀಟರಿಗೆ ಸುಮಾರು 140 ಮಿಲಿಮೋಲ್, ಹೊರಗೆ ಸುಮಾರು 4. ಪೊಟ್ಯಾಸಿಯಂ ಚಾನೆಲ್ ತೆರೆದರೆ ಧನ ಅಯಾನುಗಳು ಹೊರಗೆ ಹೋಗಿ ಒಳಭಾಗ ಋಣವಾಗುತ್ತದೆ. ನರ್ನ್‌ಸ್ಟ್ ಸಮೀಕರಣಕ್ಕೆ (ಒಳಹೊರಗಿನ ಸಾಂದ್ರತೆಗಳಿಂದ ವೋಲ್ಟೇಜ್ ಲೆಕ್ಕ ಹಾಕುವ ಸೂತ್ರ) ಈ ಎರಡು ಅಂಕಿಗಳನ್ನು ಹಾಕಿದರೆ ಸುಮಾರು −95 ಮಿಲಿವೋಲ್ಟ್ ಬರುತ್ತದೆ. ವಿರಾಮದಲ್ಲಿರುವ ಕೋಶ ಅದರ ಹತ್ತಿರವೇ ನಿಂತಿರುತ್ತದೆ. ಬಡಿತದ ಆರಂಭದಲ್ಲಿ ಸೋಡಿಯಂ ಒಳನುಗ್ಗಿ ಕೋಶವನ್ನು ಧನವಾಗಿಸುತ್ತದೆ, ಕ್ಯಾಲ್ಸಿಯಂ ಅದನ್ನು ಸ್ವಲ್ಪ ಹೊತ್ತು ಅಲ್ಲೇ ಹಿಡಿದಿಡುತ್ತದೆ, ಕೊನೆಗೆ ಪೊಟ್ಯಾಸಿಯಂ ಹೊರಹೋಗಿ ಕೋಶವನ್ನು ಮತ್ತೆ ಕೆಳಕ್ಕಿಳಿಸುತ್ತದೆ. ಈ ಇಳಿಸುವ ಕೆಲಸದಲ್ಲಿ ಕೆಸಿಎನ್‌ಎಚ್2 ಎಂಬ ಇನ್ನೊಂದು ವಂಶವಾಹಿಯ ವೇಗದ ಚಾನೆಲ್ಲಿಗೂ ಕೆಸಿಎನ್‌ಕ್ಯೂ1ರ ನಿಧಾನದ ಚಾನೆಲ್ಲಿಗೂ ಪಾಲಿದೆ. ಇಳಿಯುವುದು ತಡವಾದರೆ ಇಸಿಜಿಯಲ್ಲಿ ಕ್ಯೂಟಿ ಅವಧಿ (ಒಂದು ಬಡಿತದಲ್ಲಿ ಹೃತ್ಕುಕ್ಷಿಯ ವಿದ್ಯುತ್ ಚಟುವಟಿಕೆಗೆ ಹಿಡಿಯುವ ಸಮಯ) ಉದ್ದವಾಗುತ್ತದೆ. ಆಗ ಕ್ಯಾಲ್ಸಿಯಂ ಚಾನೆಲ್‌ಗಳು ಅಕಾಲದಲ್ಲಿ ಮತ್ತೆ ತೆರೆದು, ಟೊರ್ಸಾಡ್ ಎಂದು ಕರೆಯುವ ಲಯತಪ್ಪಿದ ಬಡಿತಕ್ಕೆ ದಾರಿಯಾಗುತ್ತದೆ.

ನಿಧಾನದ ಚಾನೆಲ್ ಏಕೆ ಬೇಕು ಎಂಬುದು ಓಡುವಾಗ ಗೊತ್ತಾಗುತ್ತದೆ. ನಿಮಿಷಕ್ಕೆ 60 ಬಡಿತವಿದ್ದರೆ ಒಂದು ಬಡಿತಕ್ಕೆ ಒಂದು ಸೆಕೆಂಡ್ ಸಿಗುತ್ತದೆ. ವಿದ್ಯುತ್ ಚಟುವಟಿಕೆ 0.3 ಸೆಕೆಂಡ್ ತೆಗೆದುಕೊಂಡರೂ ಹೃದಯ ತುಂಬಿಕೊಳ್ಳಲು 0.7 ಸೆಕೆಂಡ್ ಉಳಿಯುತ್ತದೆ. ಬೇಸಿಗೆಯ ಕೊಡವ ಹಾಕಿ ಉತ್ಸವದಲ್ಲಿ ಮೈದಾನದ ಈ ತುದಿಯಿಂದ ಆ ತುದಿಗೆ ಚೆಂಡಿನ ಹಿಂದೆ ಓಡುವ ಆಟಗಾರನ ಹೃದಯ ನಿಮಿಷಕ್ಕೆ 150 ಸಲ ಬಡಿದರೆ, ಒಂದು ಬಡಿತಕ್ಕೆ ಸಿಗುವುದು 0.4 ಸೆಕೆಂಡ್ ಮಾತ್ರ. ವಿದ್ಯುತ್ ಚಟುವಟಿಕೆ ಹಿಂದಿನಷ್ಟೇ ಉದ್ದವಿದ್ದರೆ ತುಂಬಿಕೊಳ್ಳಲು 0.1 ಸೆಕೆಂಡ್ ಉಳಿದೀತು. ಆದ್ದರಿಂದ ಬಡಿತ ಹೆಚ್ಚಿದಂತೆ ಈ ಅವಧಿ ಕುಗ್ಗಲೇಬೇಕು. ಅಡ್ರಿನಲಿನ್ ಪ್ರಭಾವದಲ್ಲಿ ಕೆಸಿಎನ್‌ಕ್ಯೂ1 ಪ್ರೋಟೀನಿಗೆ ಫಾಸ್ಫೇಟ್ ಸೇರಿ ಪ್ರವಾಹ ಹೆಚ್ಚುತ್ತದೆ. ಜೊತೆಗೆ, ನಿಧಾನವಾಗಿ ಮುಚ್ಚುವ ಈ ಚಾನೆಲ್‌ಗಳು ಒಂದು ಬಡಿತದಿಂದ ಮುಂದಿನದಕ್ಕೆ ಪೂರ್ತಿ ಮುಚ್ಚಿಕೊಳ್ಳದೆ ಒಟ್ಟುಗೂಡಿ ಅವಧಿಯನ್ನು ಕುಗ್ಗಿಸುತ್ತವೆ. ಈ ವಂಶವಾಹಿ ಕೆಟ್ಟವರಲ್ಲಿ ಅವಧಿ ಸಾಕಷ್ಟು ಕುಗ್ಗುವುದಿಲ್ಲ; ಅವರು ಓಡುವಾಗ, ಅದಕ್ಕೂ ಹೆಚ್ಚಾಗಿ ಈಜುವಾಗ, ಪ್ರಜ್ಞೆ ತಪ್ಪುವುದಕ್ಕೆ ಕಾರಣ ಇದು. ಕೆಸಿಎನ್‌ಎಚ್2 ಕೆಟ್ಟವರಿಗೆ ಹಠಾತ್ ಶಬ್ದ, ಉದಾಹರಣೆಗೆ ಅಲಾರಂ ಗಂಟೆ, ಅಪಾಯಕಾರಿ. ಕೈಲ್‌ಪೊಳ್ದ್ (ಕೊಡವರ ಆಯುಧಪೂಜೆಯ ಹಬ್ಬ) ದಿನ ಕೋವಿಯ ಸದ್ದು ಕೇಳುತ್ತಲೇ ಬೆಳೆದ ನನಗೆ ಆ ಪಾಠ ಒಂದೇ ಓದಿಗೆ ಮನಸ್ಸಿನಲ್ಲಿ ನಿಂತಿತು, ಆದರೆ ಈ ಟಿಪ್ಪಣಿಯ ವಿಷಯ ಅದಲ್ಲ.

ಅಡ್ರಿನಲಿನ್ ಪ್ರಭಾವವನ್ನು ತಗ್ಗಿಸುವ ಬೀಟಾ ತಡೆ ಔಷಧಗಳು ಕೆಸಿಎನ್‌ಕ್ಯೂ1 ಕೆಟ್ಟ ರೋಗಿಗಳಲ್ಲಿ ಚೆನ್ನಾಗಿ ಕೆಲಸ ಮಾಡುವುದೇಕೆ ಎಂಬುದು ಮೇಲಿನದನ್ನು ಓದಿದವರಿಗೆ ತಾನಾಗಿ ತಿಳಿಯುತ್ತದೆ.

ಒಳಕಿವಿಯಲ್ಲಿ

ಇಲ್ಲಿ ನನಗೆ ಮೊದಲ ಗೊಂದಲ ಹುಟ್ಟಿತು. ಹೃದಯದಲ್ಲಿ ಪೊಟ್ಯಾಸಿಯಂ ಹೊರಹೋಗಿ ಕೋಶ ಶಾಂತವಾಗುತ್ತದೆ ಎಂದು ಓದಿದ ಮೇಲೆ, ಶಬ್ದವನ್ನು ಗ್ರಹಿಸುವ ಕಿವಿಯ ರೋಮಕೋಶಗಳಲ್ಲಿ ಪೊಟ್ಯಾಸಿಯಂ ಒಳಬಂದು ಕೋಶ ಪ್ರಚೋದನೆಗೊಳ್ಳುತ್ತದೆ ಎಂಬ ವಾಕ್ಯ ಎದುರಾಯಿತು. ಎರಡನ್ನೂ ಒಂದೇ ಪುಟದಲ್ಲಿ ಬರೆದಾಗ ಒಂದು ತಪ್ಪಿರಬೇಕು ಎನ್ನಿಸಿತು. ನಮ್ಮ ಕಡೆಯ ಗದ್ದೆಗಳಲ್ಲಿ ಎರಡು ಮಡಿಗಳ ನಡುವಿನ ಬದುವಿನಲ್ಲಿ ಕಂಡಿ ಬಿಡುತ್ತಾರೆ. ನೀರು ಯಾವ ಕಡೆಗೆ ಹರಿಯಬೇಕೆಂದು ಕಂಡಿ ಹೇಳುವುದಿಲ್ಲ, ಎರಡೂ ಮಡಿಗಳ ನೀರಿನ ಮಟ್ಟ ಹೇಳುತ್ತದೆ. ಚಾನೆಲ್ ಕೂಡ ಕಂಡಿಯಷ್ಟೇ. ಅಯಾನಿನ ವಿಷಯದಲ್ಲಿ ಮಟ್ಟ ಎಂದರೆ ಸಾಂದ್ರತೆ ಮತ್ತು ವೋಲ್ಟೇಜ್ ಎರಡನ್ನೂ ಸೇರಿಸಿದ ಲೆಕ್ಕ. ಒಳಕಿವಿಯ ಎಂಡೋಲಿಂಫ್ ಎಂಬ ದ್ರವದಲ್ಲಿ ಪೊಟ್ಯಾಸಿಯಂ ಸುಮಾರು 150 ಮಿಲಿಮೋಲ್ ಇದೆ, ಅಂದರೆ ಕೋಶದ ಒಳಗಿನಷ್ಟೇ. ಆದರೆ ಆ ದ್ರವ ಸುಮಾರು +80 ಮಿಲಿವೋಲ್ಟ್‌ನಲ್ಲಿದೆ, ರೋಮಕೋಶದ ಒಳಭಾಗ ಋಣದಲ್ಲಿದೆ. ಸಾಂದ್ರತೆ ಸಮವಿದ್ದರೂ ವೋಲ್ಟೇಜಿನ ಇಳಿಜಾರು ಕಡಿದಾಗಿರುವುದರಿಂದ, ಕಂಡಿ ತೆರೆದೊಡನೆ ಪೊಟ್ಯಾಸಿಯಂ ಒಳಕ್ಕೇ ನುಗ್ಗುತ್ತದೆ.

ಗಮನಿಸಿ: ರೋಮಕೋಶದ ಆ ಕಂಡಿ ಕೆಸಿಎನ್‌ಕ್ಯೂ1 ಅಲ್ಲ. ಇದನ್ನೂ ನಾನು ತಪ್ಪಾಗಿ ಓದಿಕೊಂಡಿದ್ದೆ. ಕೆಸಿಎನ್‌ಕ್ಯೂ1 ಇರುವುದು ಎಂಡೋಲಿಂಫನ್ನು ತುಂಬಿಸುವ ಅಂಚುಕೋಶಗಳಲ್ಲಿ. ಅವು ರಕ್ತದ ಕಡೆಯಿಂದ ಪೊಟ್ಯಾಸಿಯಂ ಎಳೆದುಕೊಂಡು ದ್ರವದ ಕಡೆಗೆ ಕೆಸಿಎನ್‌ಕ್ಯೂ1 ಮೂಲಕ ಬಿಡುತ್ತವೆ. ಆ ಚಾನೆಲ್ ಸಂಪೂರ್ಣ ಇಲ್ಲದಿದ್ದರೆ ದ್ರವ ತುಂಬುವುದಿಲ್ಲ, ಅದನ್ನು ಹಿಡಿದಿಟ್ಟ ತೆಳುಪೊರೆ ಕುಸಿಯುತ್ತದೆ, ರೋಮಕೋಶಗಳು ನಶಿಸುತ್ತವೆ, ಮಗು ಕಿವುಡಾಗಿ ಹುಟ್ಟುತ್ತದೆ. 1957ರಲ್ಲಿ ಆಂಟನ್ ಜರ್ವೆಲ್ ಮತ್ತು ಫ್ರೆಡ್ ಲಾಂಗೆ-ನೀಲ್ಸನ್ ವರದಿ ಮಾಡಿದ ನಾರ್ವೆಯ ಕುಟುಂಬದಲ್ಲಿ ಆರು ಮಕ್ಕಳ ಪೈಕಿ ನಾಲ್ವರು ಹುಟ್ಟುಕಿವುಡರಾಗಿದ್ದು ಪದೇ ಪದೇ ಪ್ರಜ್ಞೆ ತಪ್ಪುತ್ತಿದ್ದರು. ಅವರಲ್ಲಿ ಮೂವರು ಹಠಾತ್ತನೆ ತೀರಿಕೊಂಡರು. ತಂದೆತಾಯಿಗೆ ಕಿವಿ ಚೆನ್ನಾಗಿ ಕೇಳುತ್ತಿತ್ತು.

ಹದಿನಾರರಲ್ಲಿ ಒಂದು

ನಾನು ಎಡವಿದ ಮೆಟ್ಟಿಲು ಇಲ್ಲಿದೆ. ಆ ತಂದೆತಾಯಿಗೆ ತಲಾ ಒಂದು ಕೆಟ್ಟ ಪ್ರತಿ ಇತ್ತು, ಆದರೂ ಅವರು ಬಹುಮಟ್ಟಿಗೆ ಆರೋಗ್ಯವಾಗಿದ್ದರು. ರೊಮಾನೊ 1963ರಲ್ಲೂ ವಾರ್ಡ್ 1964ರಲ್ಲೂ ವಿವರಿಸಿದ ಬಗೆಯಲ್ಲಿ ಒಂದೇ ಕೆಟ್ಟ ಪ್ರತಿಯಿಂದ ಕಾಯಿಲೆ ಬರುತ್ತದೆ. ಒಂದೇ ವಂಶವಾಹಿಯಲ್ಲಿ, ಒಂದು ಕೆಟ್ಟ ಪ್ರತಿ ಒಬ್ಬರಿಗೆ ಸಾಕಾಗುವುದೂ ಇನ್ನೊಬ್ಬರಿಗೆ ಸಾಲದಿರುವುದೂ ಹೇಗೆ?

ಕೆಟ್ಟಿದೆ ಎಂಬ ಪದಕ್ಕೆ ಎರಡು ಅರ್ಥಗಳಿವೆ. ಮೊದಲನೆಯ ಅರ್ಥದಲ್ಲಿ, ಕೆಟ್ಟ ಪ್ರತಿಯಿಂದ ಪ್ರೋಟೀನೇ ತಯಾರಾಗುವುದಿಲ್ಲ. ಆಗ ಒಳ್ಳೆಯ ಪ್ರತಿಯ ತುಂಡುಗಳು ಮಾತ್ರ ಇರುತ್ತವೆ. ಅವು ನಾಲ್ಕು ನಾಲ್ಕಾಗಿ ಸೇರಿ ಒಳ್ಳೆಯ ಚಾನೆಲ್‌ಗಳನ್ನೇ ಕಟ್ಟುತ್ತವೆ. ಸಂಖ್ಯೆ ಮಾತ್ರ ಅರ್ಧವಾಗುತ್ತದೆ. ಪ್ರವಾಹ ಶೇ. 50.

ಎರಡನೆಯ ಅರ್ಥದಲ್ಲಿ, ಕೆಟ್ಟ ಪ್ರತಿಯಿಂದಲೂ ಪ್ರೋಟೀನು ತಯಾರಾಗುತ್ತದೆ, ಒಂದು ಅಮೈನೋ ಆಮ್ಲ ಮಾತ್ರ ಬದಲಾಗಿರುತ್ತದೆ. 341ನೆಯ ಅಲನಿನ್ ಜಾಗದಲ್ಲಿ ವ್ಯಾಲಿನ್ ಬಂದ, ದಕ್ಷಿಣ ಆಫ್ರಿಕಾದ ಹಲವು ಕುಟುಂಬಗಳಲ್ಲಿ ಕಂಡ ಉತ್ಪರಿವರ್ತನೆ ಇಂತಹದು. ಈ ಕೆಟ್ಟ ತುಂಡು ಸುಮ್ಮನಿರದೆ ಒಳ್ಳೆಯ ತುಂಡುಗಳೊಡನೆ ಸೇರಿಕೊಂಡು ಚಾನೆಲ್ ಕಟ್ಟುತ್ತದೆ. ನಾಲ್ಕರಲ್ಲಿ ಒಂದು ಕೆಟ್ಟಿದ್ದರೂ ಇಡೀ ಚಾನೆಲ್ ಕೆಡುತ್ತದೆ ಎಂದು ಇಟ್ಟುಕೊಳ್ಳೋಣ. ಒಳ್ಳೆಯ ಚಾನೆಲ್‌ಗಳ ಪಾಲು ಎಷ್ಟು? ನಾನು ಥಟ್ಟನೆ ‘ಅರ್ಧ’ ಎಂದೆ. ಅದು ತಪ್ಪು, ಆದರೆ ಏಕೆ ತಪ್ಪೆಂದು ಕಾಗದದ ಮೇಲೆ ನನಗೆ ನಂಬಿಕೆ ಬರಲಿಲ್ಲ.

ವಾರಾಂತ್ಯಕ್ಕೆ ಮನೆಗೆ ಹೋದಾಗ ಒಂದು ಡಬ್ಬಿಗೆ 50 ಅರೇಬಿಕಾ ಬೀಜಗಳನ್ನೂ 50 ರೋಬಸ್ಟಾ ಬೀಜಗಳನ್ನೂ ಹಾಕಿ ಕಲಸಿದೆ. ಅರೇಬಿಕಾ ಒಳ್ಳೆಯ ತುಂಡು, ರೋಬಸ್ಟಾ ಕೆಟ್ಟ ತುಂಡು (ರೋಬಸ್ಟಾ ಬೆಳೆಯುವವರು ಕ್ಷಮಿಸಬೇಕು, ನಮ್ಮ ತೋಟದಲ್ಲೂ ಅದೇ ಹೆಚ್ಚು). ಕಣ್ಣು ಮುಚ್ಚಿ ಒಂದು ಬೀಜ ತೆಗೆದು, ನೋಡಿ ಗುರುತು ಹಾಕಿ, ಮರಳಿ ಹಾಕಿ ಕಲಸಿ, ಹೀಗೆ ನಾಲ್ಕು ಸಲ ತೆಗೆದರೆ ಒಂದು ಚಾನೆಲ್. ಉರುಟಾದ ರೋಬಸ್ಟಾ ಬೆರಳಿಗೇ ಗೊತ್ತಾಗುತ್ತದೆ, ಇದು ಮೋಸದ ಆಟ ಎಂದು ಅಜ್ಜ ಆಕ್ಷೇಪಿಸಿದ ಮೇಲೆ ಚಮಚದಿಂದ ತೆಗೆದೆ. 64 ಚಾನೆಲ್ ಕಟ್ಟಿದಾಗ ನಾಲ್ಕೂ ಅರೇಬಿಕಾ ಇದ್ದದ್ದು ಐದು ಸಲ ಮಾತ್ರ. ಲೆಕ್ಕದ ಪ್ರಕಾರ ನಾಲ್ಕು ಸಲ ಬರಬೇಕಿತ್ತು. ಮೊದಲ ತುಂಡು ಒಳ್ಳೆಯದಾಗುವ ಸಾಧ್ಯತೆ ½. ಎರಡನೆಯದೂ ಒಳ್ಳೆಯದಾಗಲು ಅದರ ಅರ್ಧ, ಅಂದರೆ ¼. ಮೂರನೆಯದೂ ಸೇರಿದರೆ 1/8. ನಾಲ್ಕನೆಯದೂ ಸೇರಿದರೆ 1/16. ಉಳಿದ ಹದಿನೈದು ಪಾಲಿನಲ್ಲಿ ಒಂದು ಕೆಟ್ಟ ತುಂಡಿರುವವು 4, ಎರಡಿರುವವು 6, ಮೂರಿರುವವು 4, ನಾಲ್ಕೂ ಕೆಟ್ಟಿರುವುದು 1. ಹಾಗಾಗಿ ಪ್ರವಾಹ ಶೇ. 50 ಅಲ್ಲ, ಶೇ. 6.25. ಒಂದು ಕೆಟ್ಟ ತುಂಡನ್ನು ಚಾನೆಲ್ ಸಹಿಸಿಕೊಂಡು ಎರಡಾದರೆ ಮಾತ್ರ ಕೆಡುವುದಾದರೆ 5/16, ಅಂದರೆ ಸುಮಾರು ಶೇ. 31. ತೋಟದ ಮಾತಿನಲ್ಲಿ ಹೇಳುವುದಾದರೆ, ಕೆಲಸಕ್ಕೆ ಬರದೆ ಮನೆಯಲ್ಲೇ ಉಳಿದ ಆಳಿಗಿಂತ ಬಂದು ಗಿಡದ ರೆಂಬೆ ಮುರಿಯುವ ಆಳು ಹೆಚ್ಚು ನಷ್ಟ ಮಾಡುತ್ತಾನೆ.

ಈಗ ಮೂರು ಅಂಕಿಗಳನ್ನು ಸಾಲಾಗಿ ಇಡಿ: 50, 6, 0. ಜರ್ವೆಲ್–ಲಾಂಗೆ-ನೀಲ್ಸನ್ ಮಗುವಿನ ತಂದೆತಾಯಿಯಲ್ಲಿ ಸಾಮಾನ್ಯವಾಗಿ ಪ್ರೋಟೀನು ತಯಾರಾಗದ ಬಗೆಯ ಉತ್ಪರಿವರ್ತನೆ ಇರುತ್ತದೆ, ಅವರು 50ರ ಬಳಿ ಇರುತ್ತಾರೆ. ಹೃದಯ ಹೇಗೋ ನಿಭಾಯಿಸುತ್ತದೆ, ಕ್ಯೂಟಿ ಅವಧಿ ತುಸು ಉದ್ದವಿದ್ದರೂ ಇರಬಹುದು. ಇಬ್ಬರಿಂದಲೂ ಕೆಟ್ಟ ಪ್ರತಿಯನ್ನೇ ಪಡೆದ ಮಗು ಸೊನ್ನೆಯಲ್ಲಿರುತ್ತದೆ. ಹೃದಯವೂ ಕೆಡುತ್ತದೆ, ಕಿವಿಯೂ ಕೆಡುತ್ತದೆ. ರಕ್ತಸಂಬಂಧದಲ್ಲಿ ಮದುವೆಯಾದ ಮನೆಗಳಲ್ಲಿ ಇದು ಹೆಚ್ಚಾಗಿ ಕಾಣುವುದಕ್ಕೆ ಕಾರಣವೂ ಅದೇ. ಕೆಡಿಸುವ ಬಗೆಯ ಒಂದು ಪ್ರತಿ ಇರುವ ರೊಮಾನೊ–ವಾರ್ಡ್ ರೋಗಿ 6ರಿಂದ 50ರ ನಡುವೆ ಎಲ್ಲೋ ಇರುತ್ತಾರೆ; ಹೃದಯಕ್ಕೆ ಅದು ಸಾಲದು, ಕಿವಿಗೆ ಸಾಕು. ಕಿವಿಗೆ ಅಷ್ಟು ಕಡಿಮೆ ಸಾಕೇ ಎಂದು ನಾನೂ ಅನುಮಾನಿಸಿದೆ. ಎರಡೂ ಪ್ರತಿ ಬದಲಾಗಿದ್ದರೂ ಸ್ವಲ್ಪ ಪ್ರವಾಹ ಉಳಿದಿರುವ, ಕ್ಯೂಟಿ ಬಹಳ ಉದ್ದವಿದ್ದೂ ಕಿವಿ ಚೆನ್ನಾಗಿ ಕೇಳುವ ರೋಗಿಗಳ ವರದಿಗಳಿವೆ. ಅದನ್ನು ಓದಿದ ಮೇಲೆ ಅನುಮಾನ ಹೋಯಿತು.

ನಿಜವಾದ ಪ್ರೋಟೀನುಗಳು ಡಬ್ಬಿಯ ಬೀಜಗಳಷ್ಟು ಶಿಸ್ತಾಗಿ ನಡೆದುಕೊಳ್ಳುವುದಿಲ್ಲ. ಕೆಲವು ಕೆಟ್ಟ ತುಂಡುಗಳು ಕೋಶದ ಒಳಗೇ ಸಿಕ್ಕಿಬಿದ್ದು ಪೊರೆಯನ್ನು ತಲುಪುವುದಿಲ್ಲ. ರೊಮಾನೊ–ವಾರ್ಡ್‌ಗೆ ಕೆಸಿಎನ್‌ಎಚ್2ರಂತಹ ಬೇರೆ ವಂಶವಾಹಿಗಳೂ ಕಾರಣವಾಗುತ್ತವೆ; ಜರ್ವೆಲ್–ಲಾಂಗೆ-ನೀಲ್ಸನ್‌ಗೆ ಕೆಸಿಎನ್‌ಇ1ರ ಎರಡೂ ಪ್ರತಿಗಳ ನಷ್ಟವೂ ಕಾರಣವಾಗಬಲ್ಲದು, ಏಕೆಂದರೆ ಜೊತೆಗಾರನಿಲ್ಲದ ಚಾನೆಲ್ ಆ ಎರಡು ಜಾಗಗಳಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಉಳಿದ ಅಂಗಗಳು

ಜಠರದಲ್ಲಿ ಕೆಸಿಎನ್‌ಕ್ಯೂ1ಕ್ಕೆ ಕೆಸಿಎನ್‌ಇ2 ಜೊತೆಗಾರ. ಆಮ್ಲ ಸ್ರವಿಸುವ ಪಂಪಿಗೆ ಬೇಕಾದ ಪೊಟ್ಯಾಸಿಯಂ ಅಲ್ಲಿ ಈ ಚಾನೆಲ್ಲಿನಿಂದಲೇ ಮರಳಿ ಸಿಗುತ್ತದೆ. ಎರಡೂ ಪ್ರತಿ ಕೆಟ್ಟ ಕೆಲವು ಮಕ್ಕಳಲ್ಲಿ ಆಮ್ಲ ಕಡಿಮೆಯಾಗಿ ಕಬ್ಬಿಣದ ಕೊರತೆಯ ರಕ್ತಹೀನತೆ ಕಾಣುವುದನ್ನು ಇದಕ್ಕೆ ಸೇರಿಸಿ ಓದಿಕೊಳ್ಳಿ. ದೊಡ್ಡ ಕರುಳಿನಲ್ಲಿ ಕೆಸಿಎನ್‌ಇ3 ಜೊತೆಗಾರ. ಎರಡನೆಯ ಬಗೆಯ ಮಧುಮೇಹಕ್ಕೂ ಈ ವಂಶವಾಹಿಯ ಕೆಲವು ವ್ಯತ್ಯಾಸಗಳಿಗೂ ಇರುವ ಸಂಬಂಧವನ್ನು ಜಪಾನಿನ ಸಂಶೋಧಕರು 2008ರಲ್ಲಿ ವರದಿ ಮಾಡಿದರು. ಚಾನೆಲ್ ಅತಿಯಾಗಿ ತೆರೆದರೂ ತೊಂದರೆಯೇ: 140ನೆಯ ಸೆರಿನ್ ಜಾಗದಲ್ಲಿ ಗ್ಲೈಸಿನ್ ಬಂದ ಚೀನಾದ ಕುಟುಂಬವೊಂದರಲ್ಲಿ ಹೃತ್ಕರ್ಣದ ಕಂಪನ ವಂಶಪಾರಂಪರ್ಯವಾಗಿ ಬಂದದ್ದು 2003ರಲ್ಲಿ ಪ್ರಕಟವಾಯಿತು.

ಲೆಕ್ಕದ ಒಳಗಿನ ಒಂದು ಊಹೆ

ಡಬ್ಬಿಗೆ ಎರಡೂ ಬೀಜಗಳನ್ನು ಸಮವಾಗಿ ಹಾಕಿದ್ದು ನನ್ನದೇ ಊಹೆ: ತಂದೆಯ ಪ್ರತಿಯೂ ತಾಯಿಯ ಪ್ರತಿಯೂ ಒಂದೇ ಪ್ರಮಾಣದಲ್ಲಿ ಪ್ರೋಟೀನು ತಯಾರಿಸುತ್ತವೆ ಎಂಬುದು. ಈ ಟಿಪ್ಪಣಿಯನ್ನು ಮುಗಿಸುವ ಹೊತ್ತಿಗೆ ಆ ಊಹೆಯೇ ಅಲುಗಾಡಿತು. ಭ್ರೂಣದ ಹಲವು ಅಂಗಾಂಶಗಳಲ್ಲಿ ಕೆಸಿಎನ್‌ಕ್ಯೂ1ರ ತಾಯಿಯ ಪ್ರತಿ ಮಾತ್ರ ಕೆಲಸ ಮಾಡುತ್ತದೆ. ತಂದೆಯ ಪ್ರತಿಯನ್ನು ಅದೇ ಜಾಗದಿಂದ ಹಿಮ್ಮುಖವಾಗಿ ಬರೆಯಲ್ಪಡುವ ಒಂದು ಉದ್ದನೆಯ ಆರ್‌ಎನ್‌ಎ ಮೌನವಾಗಿಸುತ್ತದೆ. ಈ ಏರ್ಪಾಡು ತಪ್ಪಿದಾಗ ನೆರೆಯ ವಂಶವಾಹಿಗಳೂ ಏರುಪೇರಾಗಿ, ಮಗು ಅತಿಯಾಗಿ ಬೆಳೆಯುವ ಬೆಕ್‌ವಿತ್–ವೀಡೆಮನ್ ಸಿಂಡ್ರೋಮ್ ಬರಬಹುದು. ಹೃದಯದಲ್ಲೂ ಹೀಗೆಯೇ ಇದ್ದಿದ್ದರೆ ತಾಯಿಯಿಂದ ಬಂದ ಒಂದು ಕೆಟ್ಟ ಪ್ರತಿ ಪ್ರವಾಹವನ್ನು ಸೊನ್ನೆಗೆ ಇಳಿಸುತ್ತಿತ್ತು, ತಂದೆಯಿಂದ ಬಂದದ್ದು ಏನನ್ನೂ ಮಾಡುತ್ತಿರಲಿಲ್ಲ, ಮತ್ತು 1/16 ಎಂಬ ಸಂಖ್ಯೆಗೆ ಅಲ್ಲಿ ಜಾಗವೇ ಇರುತ್ತಿರಲಿಲ್ಲ. ಆದರೆ ಮನುಷ್ಯರ ಹೃದಯದಲ್ಲಿ ಎರಡೂ ಪ್ರತಿಗಳು ಕೆಲಸ ಮಾಡುತ್ತವೆ. ಡಬ್ಬಿಯಲ್ಲಿ ಎರಡು ಬಗೆಯ ಬೀಜಗಳು ಇರಬೇಕಾದದ್ದು ಸರಿಯೇ.