ಯುಗಾದಿ ಬೇಸಿಗೆಯಲ್ಲೇ ಬರುವುದೇಕೆ?

2024ರಲ್ಲಿ ಯುಗಾದಿ ಏಪ್ರಿಲ್ 9ಕ್ಕೆ ಬಿತ್ತು. 2025ರಲ್ಲಿ ಮಾರ್ಚ್ 30, 2026ರಲ್ಲಿ ಮಾರ್ಚ್ 19. ಹೀಗೇ ಹಿಂದೆ ಸರಿಯುತ್ತ ಹೋದರೆ ಇನ್ನು ಕೆಲವೇ ವರ್ಷಗಳಲ್ಲಿ ಚಳಿಗಾಲದಲ್ಲೇ ಬೇವು-ಬೆಲ್ಲ ಹಂಚಬೇಕಾದೀತು. ಹಾಗಾಗುವುದಿಲ್ಲ. 2027ರಲ್ಲಿ ಹಬ್ಬ ಮತ್ತೆ ಏಪ್ರಿಲ್ 7ಕ್ಕೆ ಜಿಗಿಯುತ್ತದೆ.

ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಸರಾಸರಿ 29.53 ದಿನ. ಅಂಥ ಹನ್ನೆರಡು ತಿಂಗಳು ಸೇರಿದರೆ 354 ದಿನ, ಸೂರ್ಯನ ವರ್ಷಕ್ಕೆ ಹನ್ನೊಂದು ದಿನ ಕಡಿಮೆ. ಇಸ್ಲಾಮಿ ಪಂಚಾಂಗ ಚಂದ್ರನನ್ನಷ್ಟೇ ನೆಚ್ಚಿರುವುದರಿಂದ ರಂಜಾನ್ ಸುಮಾರು 33 ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. ನಮ್ಮ ಪಂಚಾಂಗ ಚಂದ್ರನ ಜೊತೆಗೆ ಸೂರ್ಯನನ್ನೂ ಗಮನಿಸುತ್ತದೆ. ಸೂರ್ಯ ರಾಶಿಯಿಂದ ರಾಶಿಗೆ ದಾಟುವುದು ಸಂಕ್ರಮಣ. ಯಾವ ಚಾಂದ್ರಮಾಸದಲ್ಲಿ ಒಂದೂ ಸಂಕ್ರಮಣ ಬೀಳುವುದಿಲ್ಲವೋ ಅದು ಅಧಿಕಮಾಸ. 2026ರ ಅಧಿಕ ಜ್ಯೇಷ್ಠ ಅಂಥದ್ದು. ಮೂರು ವರ್ಷ ತುಂಬುವ ಮೊದಲೇ ಇಂಥದೊಂದು ತಿಂಗಳು ಬಂದು ಹಬ್ಬಗಳನ್ನು ಅವುಗಳ ಋತುವಿಗೆ ಮರಳಿಸುತ್ತದೆ. ಮದುವೆ-ಮುಂಜಿಗೆ ಒಗ್ಗದೆಂದು ನಾವು ಬದಿಗಿಡುವ ಈ ತಿಂಗಳೇ ಪಂಚಾಂಗದ ಅತ್ಯಂತ ಜಾಣ ಲೆಕ್ಕ ಎಂಬುದು ನನ್ನ ನಂಬಿಕೆ.

ತುಳುನಾಡಿನ ಬಿಸು ಹಬ್ಬಕ್ಕೆ ಚಂದ್ರನ ಗೊಡವೆಯಿಲ್ಲ. ಸೂರ್ಯ ಮೇಷಕ್ಕೆ ಬಂದಾಗ, ಅಂದರೆ ಏಪ್ರಿಲ್ 14 ಅಥವಾ 15ಕ್ಕೆ, ಬೆಳಗ್ಗೆ ಎದ್ದೊಡನೆ ನೋಡಲೆಂದು ಹಣ್ಣು-ಕಾಯಿಗಳನ್ನು ಜೋಡಿಸಿದ ಕಣಿ ಇಡುತ್ತಾರೆ. ಇದು ಕದಲದ ತಾರೀಖೆಂದು ತೋರುತ್ತದೆ, ಆದರೆ ಕದಲುತ್ತಿದೆ. ಭೂಮಿಯ ಅಕ್ಷ ನಿಧಾನವಾಗಿ ತೂಗುತ್ತ ಸುಮಾರು 26,000 ವರ್ಷಕ್ಕೆ ಒಂದು ಸುತ್ತು ಹಾಕುತ್ತದೆ. ಇದರಿಂದಾಗಿ ಸೂರ್ಯ ಅದೇ ನಕ್ಷತ್ರದ ಬಳಿಗೆ ಮರಳಲು ಋತುಗಳ ಒಂದು ಸುತ್ತಿಗಿಂತ ಇಪ್ಪತ್ತು ನಿಮಿಷ ಹೆಚ್ಚು ಬೇಕು. ಎಪ್ಪತ್ತು ವರ್ಷಕ್ಕೆ ಹೆಚ್ಚುಕಡಿಮೆ ಒಂದು ದಿನದ ವ್ಯತ್ಯಾಸ. ಸುಮಾರು 1,700 ವರ್ಷಗಳ ಹಿಂದೆ ಮೇಷ ಸಂಕ್ರಮಣವೂ ಹಗಲು-ರಾತ್ರಿ ಸಮವಾಗುವ ದಿನವೂ ಒಂದೇ ಆಗಿದ್ದವು. ಈಗ ನಡುವೆ ಮೂರು ವಾರಕ್ಕೂ ಹೆಚ್ಚಿನ ಅಂತರವಿದೆ.

ರೈತರ ಮಳೆ ನಕ್ಷತ್ರಗಳಿಗೂ ಇದೇ ಗತಿ. ಏಪ್ರಿಲ್ ಕೊನೆಗೆ ಸೂರ್ಯ ಭರಣಿಗೆ ಬರುತ್ತಾನೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂಬ ಗಾದೆ ಆ ದಿನಗಳ ಮಳೆಯನ್ನು ಕುರಿತದ್ದು. ಪಂಚಾಂಗದಲ್ಲಿ ನಕ್ಷತ್ರವೆಂದರೆ ಸೂರ್ಯನ ಹಾದಿಯ ಇಪ್ಪತ್ತೇಳರಲ್ಲೊಂದು ಪಾಲು, ಅದರ ಅಗಲ ಹದಿಮೂರು ಡಿಗ್ರಿ ಚಿಲ್ಲರೆ. ಅಷ್ಟು ಜಾರಲು ಸುಮಾರು 960 ವರ್ಷ ಬೇಕು. ಹಾಗಾಗಿ ಸಾವಿರ ವರ್ಷದ ಮೇಲೆ ಈ ಮುಂಗಾರುಪೂರ್ವ ಮಳೆ ಅಶ್ವಿನಿಯ ಲೆಕ್ಕಕ್ಕೆ ಸೇರುತ್ತದೆ. ಗಾದೆಯನ್ನು ಆಗ ತಿದ್ದಬೇಕಾಗುತ್ತದೆ. ನೆಲ ಹದವಾಗುವ ಹೊತ್ತನ್ನು ತಲೆಮಾರುಗಳ ಕಾಲ ಗಮನಿಸಿ ಕಟ್ಟಿದ ಮಾತು ಅದು. ಅಂಥ ಮಾತಿಗೆ ತಿದ್ದುಪಡಿ ಅವಮಾನವಲ್ಲ.

ತಿದ್ದುವ ಪ್ರಯತ್ನ ಒಮ್ಮೆ ನಡೆದಿದೆ. ಭೌತವಿಜ್ಞಾನಿ ಮೇಘನಾದ ಸಾಹಾ ಅವರ ಅಧ್ಯಕ್ಷತೆಯಲ್ಲಿ 1952ರಲ್ಲಿ ಪಂಚಾಂಗ ಸುಧಾರಣಾ ಸಮಿತಿ ರಚನೆಯಾಯಿತು. ಅದರ ಶಿಫಾರಸಿನಂತೆ, ಋತುಗಳಿಗೆ ಕಟ್ಟುಬಿದ್ದ ರಾಷ್ಟ್ರೀಯ ಪಂಚಾಂಗ 1957ರ ಮಾರ್ಚ್ 22ರಿಂದ, ಅಂದರೆ ಶಕ 1879ರ ಚೈತ್ರ 1ರಿಂದ ಜಾರಿಗೆ ಬಂತು. ಕೇಂದ್ರದ ರಾಜಪತ್ರದಲ್ಲಿ ಆ ತಾರೀಖು ಇಂದಿಗೂ ಅಚ್ಚಾಗುತ್ತದೆ. ನಮ್ಮ ಹಬ್ಬಗಳು ಮಾತ್ರ ನಕ್ಷತ್ರಗಳ ಲೆಕ್ಕದಲ್ಲೇ ಉಳಿದವು. ಇದೇ ಲೆಕ್ಕ ಮುಂದುವರಿದರೆ ಎರಡು ಸಾವಿರ ವರ್ಷಗಳಲ್ಲಿ ಬಿಸು ಮೇ ನಡುವಿಗೆ ಬರುತ್ತದೆ, ಇನ್ನೂ ಎರಡು ಸಾವಿರ ವರ್ಷ ಕಳೆದರೆ ಮುಂಗಾರಿನೊಳಗೆ.